ಸೂತ್ರದಷ್ಟು ಕಿರಿದು: ಅಂಕಿಗಳ ಒಗಟು ಮತ್ತು ಕೋಡ್ ಕುರಿತು ಒಂದು ಸಂವಾದ

ಅಂಕಿಗಳ ಒಗಟನ್ನು ಕಂಪ್ಯೂಟರಿನಿಂದ ಬಿಡಿಸುವಾಗ ಉತ್ತರ ಸರಿ ಬಂದರಷ್ಟೇ ಸಾಲದು, ಅದಕ್ಕಾಗಿ ಬರೆದ ಕೋಡ್ ಸಾಧ್ಯವಾದಷ್ಟು ಕಡಿಮೆ ಅಕ್ಷರಗಳಲ್ಲಿ ಮುಗಿಯಬೇಕು ಎಂಬ ಕಟ್ಟಳೆಯ ಅಭ್ಯಾಸಕ್ಕೆ ಪ್ರೋಗ್ರಾಮರ್‌ಗಳ ವಲಯದಲ್ಲಿ ಕೋಡ್ ಗಾಲ್ಫ್ ಎಂಬ ಹೆಸರಿದೆ. ಅತಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವರು ಗೆಲ್ಲುವ ಆಟದಿಂದ ಬಂದ ಈ ಹೆಸರು 20ನೆಯ ಶತಮಾನದ ಕೊನೆಯ ಹೊತ್ತಿಗೆ ಪರ್ಲ್ ಭಾಷೆಯ ಬಳಕೆದಾರರ ನಡುವೆ ರೂಢಿಗೆ ಬಂದಿತು. ಹುಬ್ಬಳ್ಳಿಯ ವಿದ್ಯಾನಗರವು, 1947ರಲ್ಲಿ ಆರಂಭವಾಗಿ 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿಗೂ ಪಿ.ಸಿ. ಜಾಬಿನ್ ವಿಜ್ಞಾನ ಕಾಲೇಜಿಗೂ ನೆಲೆಯಾಗಿದ್ದು, ಗಣಿತ ಮತ್ತು ಪ್ರೋಗ್ರಾಮಿಂಗ್ ಎರಡೂ ಕೂಗಳತೆಯಲ್ಲಿ ಕಲಿಯಸಿಗುವ ಬಡಾವಣೆಯಾಗಿರುವುದರಿಂದ, ಅಲ್ಲಿನ ಗಣಿತದ ಅಧ್ಯಾಪಕಿಯೊಬ್ಬರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ನಡೆಸಬಹುದಾದ ಚರ್ಚೆಯ ರೂಪದಲ್ಲಿ ಈ ಅಭ್ಯಾಸದ ಬೆಲೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ವಿದ್ಯಾರ್ಥಿ: ಮೇಡಂ, ಒಂದು ಸಂಖ್ಯೆಯ ಅಂಕಿಗಳನ್ನು ಕೂಡಿ, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡುತ್ತ ಹೋಗಿ, ಕೊನೆಗೆ ಉಳಿಯುವ ಒಂದೇ ಅಂಕಿಯನ್ನು ಹೇಳಬೇಕೆಂಬ ಹಳೆಯ ಒಗಟನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1947ರ ಅಂಕಿಗಳ ಮೊತ್ತ 21, ಅದರ ಅಂಕಿಗಳ ಮೊತ್ತ 3, ಆದ್ದರಿಂದ ಉತ್ತರ 3. ಪ್ರೋಗ್ರಾಮಿಂಗ್ ಹೊಸದಾಗಿ ಕಲಿತವರು ಇದಕ್ಕೆ ಲೂಪ್, ಅಂದರೆ ಷರತ್ತು ಪೂರೈಸುವ ತನಕ ಅವೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಕಟ್ಟು, ಬಳಸಿ ನಾಲ್ಕೈದು ಸಾಲು ಬರೆಯುತ್ತಾರೆ. ಆದರೆ ಭಾಗಿಸಿ ಉಳಿದ ಶೇಷವನ್ನು ಕೊಡುವ % ಚಿಹ್ನೆಯನ್ನು ಬಳಸಿದರೆ, ಪೈಥಾನ್ ಭಾಷೆಯಲ್ಲಿ 1+(ನ-1)%9 ಎಂಬ 9 ಅಕ್ಷರಗಳ ಉಕ್ತಿಯಲ್ಲಿ ಇಡೀ ಕೆಲಸ ಮುಗಿಯುತ್ತದೆ; ಇಲ್ಲಿ ನ ಎಂಬುದು ಕೊಟ್ಟ ಸಂಖ್ಯೆ.

ಅಧ್ಯಾಪಕಿ: ಅಕ್ಷರ ಎಣಿಸುವ ಮೊದಲು ಆ ಲೂಪ್ ಎಲ್ಲಿ ಹೋಯಿತು ಎಂಬುದನ್ನು ಹೇಳಬೇಕು, ತಮ್ಮಾ. 10ನ್ನು 9ರಿಂದ ಭಾಗಿಸಿದರೆ 1 ಉಳಿಯುತ್ತದೆ. 100, 1000 ಮುಂತಾದವುಗಳಿಗೂ ಅದೇ ಶೇಷ. ಆದ್ದರಿಂದ ಒಂದು ಅಂಕಿ ಬಿಡಿಯ ಸ್ಥಾನದಲ್ಲಿರಲಿ, ಸಾವಿರದ ಸ್ಥಾನದಲ್ಲಿರಲಿ, 9ರ ಶೇಷಕ್ಕೆ ಅದು ಸೇರಿಸುವ ಪಾಲು ಅಷ್ಟೇ ಆಗಿರುತ್ತದೆ. ಸಂಖ್ಯೆಗೂ ಅದರ ಅಂಕಿಗಳ ಮೊತ್ತಕ್ಕೂ ಶೇಷ ಒಂದೇ ಆಗುವುದರಿಂದ, ಎಷ್ಟು ಸಲ ಕೂಡಿದರೂ ಆ ಶೇಷ ಅಲುಗುವುದಿಲ್ಲ. ಉಳಿಯುವ ತೊಡಕು ಒಂದೇ: 9ರ ಅಪವರ್ತ್ಯಗಳಿಗೆ ಶೇಷ 0 ಆದರೂ ಒಗಟಿನ ಉತ್ತರ 9 ಆಗಬೇಕು, ಮೊದಲು ಒಂದನ್ನು ಕಳೆದು ಕೊನೆಗೆ ಒಂದನ್ನು ಕೂಡಿದ್ದು ಅದಕ್ಕಾಗಿ. ನಾಲ್ಕೈದು ಸಾಲುಗಳು ಮಾಯವಾದದ್ದು ಬೆರಳಿನ ಚಳಕದಿಂದಲ್ಲ, ದಶಮಾನ ಪದ್ಧತಿಯ ಒಂದು ಗುಣದಿಂದ.

ವಿದ್ಯಾರ್ಥಿ: ಅದನ್ನು ಇನ್ನೂ ಇಳಿಸಲು ಬರುತ್ತದೆ. ಪೈಥಾನಿನಲ್ಲಿ ~ ಎಂಬ ಚಿಹ್ನೆ ಒಂದು ಪೂರ್ಣಾಂಕದ ಎಲ್ಲ ಬಿಟ್‌ಗಳನ್ನು, ಅಂದರೆ 0 ಮತ್ತು 1ರ ಮನೆಗಳನ್ನು, ಅದಲುಬದಲು ಮಾಡುತ್ತದೆ. ಋಣ ಸಂಖ್ಯೆಗಳನ್ನು ಬರೆದಿಡುವ ಕ್ರಮದ ಫಲವಾಗಿ ~-ನ ಎಂದರೆ ನ-1 ಎಂದೇ ಆಗುವುದರಿಂದ, ಆವರಣ ಚಿಹ್ನೆಗಳು ಬೇಡವಾಗಿ 1+~-ನ%9 ಎಂಬ 7 ಅಕ್ಷರಗಳು ಸಾಕಾಗುತ್ತವೆ. ಇದಕ್ಕೂ ಕಿರಿದಾದದ್ದು ನ%-9+9 ಎಂಬ 6 ಅಕ್ಷರಗಳ ಉಕ್ತಿ. ಭಾಜಕವು ಋಣವಾಗಿದ್ದರೆ ಪೈಥಾನ್ ಶೇಷವನ್ನೂ ಋಣವಾಗಿಯೇ, -8ರಿಂದ 0ಯವರೆಗಿನ ಮಿತಿಯಲ್ಲಿ ಕೊಡುತ್ತದೆ. 1947ಕ್ಕೆ -6 ಬರುತ್ತದೆ, 9 ಕೂಡಿದರೆ 3. 18ಕ್ಕೆ 0 ಬರುತ್ತದೆ, 9 ಕೂಡಿದರೆ 9.

ಅಧ್ಯಾಪಕಿ: ಈ ಎರಡು ಕಡಿತಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. 9ರಿಂದ 7ಕ್ಕೆ ಇಳಿದದ್ದು ಬರವಣಿಗೆಯ ಉಪಾಯ. ಲೆಕ್ಕ ಇದ್ದ ಹಾಗೆಯೇ ಇದೆ, ಅದನ್ನು ಬರೆಯುವ ರೀತಿ ಮಾತ್ರ ಬದಲಾಗಿದೆ. 7ರಿಂದ 6ಕ್ಕೆ ಇಳಿದದ್ದರಲ್ಲಿ ಗಣಿತದ ವಿಚಾರವಿದೆ: ಶೇಷಗಳೆಂದರೆ 0ಯಿಂದ 8ರವರೆಗಿನ ಸಂಖ್ಯೆಗಳೇ ಆಗಬೇಕೆಂಬ ಕಟ್ಟುಪಾಡಿಲ್ಲ, 9ರ ಅಂತರದಲ್ಲಿ ಅವುಗಳ ಸ್ಥಾನಕ್ಕೆ ಬೇರೆ ಒಂಬತ್ತು ಸಂಖ್ಯೆಗಳನ್ನೂ ಆರಿಸಿಕೊಳ್ಳಬಹುದು ಎಂಬ ತಿಳಿವಳಿಕೆಯಿಂದ ಒಗಟಿನ ತೊಡಕಾಗಿದ್ದ 9ರ ಅಪವರ್ತ್ಯಗಳು ತಾವಾಗಿಯೇ ಸರಿಹೋಗಿವೆ. ಆದರೆ ಈ ಕಿರಿತನಕ್ಕೆ ಎರಡು ಗಡಿಗಳಿವೆ. ಸಿ ಭಾಷೆಯಲ್ಲಿ ಶೇಷದ ಚಿಹ್ನೆ ಭಾಜ್ಯವನ್ನು ಅನುಸರಿಸುವುದರಿಂದ 1947ಕ್ಕೆ ಶೇಷ 3 ಆಗಿ, 9 ಕೂಡಿದಾಗ 12 ಎಂಬ ತಪ್ಪು ಉತ್ತರ ಬರುತ್ತದೆ. ಪೈಥಾನಿನಲ್ಲಿಯೂ ಸೊನ್ನೆಯನ್ನು ಕೊಟ್ಟರೆ 9 ಎಂದು ಹೇಳುತ್ತದೆ. ಈ ಉಕ್ತಿ ಪೈಥಾನಿನ ನಿಯಮದಡಿ, ಧನ ಪೂರ್ಣಾಂಕಗಳಿಗೆ ಮಾತ್ರ ಸತ್ಯ ಎಂಬ ಮಾತು ಆ 6 ಅಕ್ಷರಗಳಲ್ಲಿ ಎಲ್ಲಿಯೂ ಬರೆದಿಲ್ಲ.

ವಿದ್ಯಾರ್ಥಿ: ಎಣಿಕೆಯಲ್ಲಿಯೂ ಒಂದು ಗಡಿ ಇದೆ. ಇಂಥ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ, ಬೈಟ್‌ಗಳನ್ನು, ಅಂದರೆ ಕಂಪ್ಯೂಟರ್ ಅಕ್ಷರವನ್ನು ಕೂಡಿಡಲು ಬಳಸುವ 8 ಬಿಟ್‌ಗಳ ಘಟಕಗಳನ್ನು ಎಣಿಸುತ್ತಾರೆ. ಪೈಥಾನಿನ ಮೂರನೆಯ ಆವೃತ್ತಿಯಿಂದ ಚರಾಕ್ಷರಗಳಿಗೆ ಕನ್ನಡದ ಹೆಸರು ಇಡಲು ಅವಕಾಶವಿದ್ದರೂ, ಯುಟಿಎಫ್-8 ಎಂಬ ರೂಢಿಯ ಕ್ರಮದಲ್ಲಿ ರೋಮನ್ ಅಕ್ಷರಕ್ಕೆ 1 ಬೈಟ್ ಸಾಕಾದರೆ ನ ಎಂಬುದಕ್ಕೆ 3 ಬೈಟ್ ಬೇಕು. ಓದುಗರಿಗೆ ಒಂದೇ ಅಕ್ಷರವಾಗಿ ಕಾಣುವ ಕ್ಷಿ ಎಂಬುದರೊಳಗೆ ಕ, ಹಲಂತದ ಚಿಹ್ನೆ, ಷ, ಗುಣಿತದ ಚಿಹ್ನೆ ಎಂದು ನಾಲ್ಕು ಸಂಕೇತಗಳು ಸೇರಿ 12 ಬೈಟ್ ಆಗುತ್ತದೆ.

ಅಧ್ಯಾಪಕಿ: ಆದ್ದರಿಂದ ಎಣಿಕೆ ಎಂಬುದು ಆಯ್ದುಕೊಂಡ ಅಳತೆಗೋಲಿಗೆ ತಕ್ಕಂತೆ ಬದಲಾಗುತ್ತದೆ, ಒಗಟಿನ ಒಳಗಿರುವ ಗಣಿತ ಬದಲಾಗುವುದಿಲ್ಲ. ಈ ಮಾತಿಗೆ ಕನ್ನಡ ನಾಡಿನಲ್ಲಿಯೇ ಹಳೆಯ ಸಾಕ್ಷಿ ಇದೆ. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದ ಗುಣಾಕಾರದ ಭಾಗದಲ್ಲಿ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಉತ್ತರ ಬರುವ ಲೆಕ್ಕಗಳಿದ್ದು, ಅಂಥ ಉತ್ತರಗಳನ್ನು ಅವನು ಕೊರಳ ಆಭರಣವೆಂದು ಕರೆದಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ 111111111. 27994681ನ್ನು 441ರಿಂದ ಗುಣಿಸಿದರೆ 12345654321.

ವಿದ್ಯಾರ್ಥಿ: ಕೊನೆಯ ಹಾರದಲ್ಲಿ 11 ಅಂಕಿಗಳಿವೆ, ಅದನ್ನು ಹಾಗೆಯೇ ಬರೆದರೆ 11 ಅಕ್ಷರಗಳಾಗುತ್ತವೆ. ಆದರೆ  ** ಎಂಬುದು ಘಾತದ ಚಿಹ್ನೆಯಾಗಿರುವುದರಿಂದ 111111**2 ಎಂಬ 9 ಅಕ್ಷರಗಳು ಅದೇ ಸಂಖ್ಯೆಯನ್ನು ಕೊಡುತ್ತವೆ.

ಅಧ್ಯಾಪಕಿ: ಎರಡು ಅಕ್ಷರ ಉಳಿಸಲು ಹೊರಟಾಗ ಲೆಕ್ಕದ ಒಳಗಟ್ಟು ಹೊರಬಿದ್ದಿದೆ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ, 21 ಮತ್ತು 5291ರ ಗುಣಲಬ್ಧ 111111. ಗುಣ್ಯ ಗುಣಕಗಳೆರಡೂ ವರ್ಗಸಂಖ್ಯೆಗಳಾಗಿರುವುದರಿಂದಲೇ ಉತ್ತರವೂ ವರ್ಗವಾಗಿದೆ. ಆರು ಒಂದುಗಳನ್ನು ತಮ್ಮಿಂದಲೇ ಗುಣಿಸುವಾಗ ಸಾಲುಗಳು ಮೆಟ್ಟಿಲುಮೆಟ್ಟಿಲಾಗಿ ಜರುಗಿ, ಕಂಬಸಾಲಿನ ಮೊತ್ತ 1ರಿಂದ 6ಕ್ಕೆ ಏರಿ ಮತ್ತೆ 1ಕ್ಕೆ ಇಳಿಯುತ್ತದೆ. ಗುಣಾಕಾರವನ್ನು ಹಾಳೆಯ ಮೇಲೆ ಮಾಡಿ ಮುಗಿಸಿದವರಿಗೂ ಹಾರ ಕಾಣುತ್ತದೆ, ಆದರೆ ಅದನ್ನು ಕಿರಿದಾಗಿ ಬರೆಯಬೇಕೆಂದು ಹಟ ಹಿಡಿದವರಿಗೆ ಹಾರದ ದಾರವೂ ಸಿಗುತ್ತದೆ.

ವಿದ್ಯಾರ್ಥಿ: ಹಾಗಿದ್ದರೆ 12345679 ಎಂಬ ಸಂಖ್ಯೆಯ ದಾರ ಯಾವುದು? ಭಾಗಿಸಿ ಶೇಷವನ್ನು ಬಿಟ್ಟುಬಿಡುವ // ಚಿಹ್ನೆಯಿಂದ 10**9//81 ಎಂದು ಬರೆದರೆ ಅದು ಬರುತ್ತದೆ, ಆದರೆ ಸಂಖ್ಯೆಯಲ್ಲಿ 8 ಅಂಕಿಗಳಿದ್ದರೆ ಉಕ್ತಿಯಲ್ಲಿ 9 ಅಕ್ಷರಗಳಿದ್ದು, ಉಳಿತಾಯದ ಬದಲು ನಷ್ಟವೇ ಆಗುತ್ತದೆ.

ಅಧ್ಯಾಪಕಿ: ಒಂದು ಅಕ್ಷರ ಹೆಚ್ಚು ಕೊಟ್ಟು 10**99//81 ಎಂದು ಬರೆದರೆ ಉತ್ತರದಲ್ಲಿ 98 ಅಂಕಿಗಳು ಬರುತ್ತವೆ. 1ನ್ನು 81ರಿಂದ ಭಾಗಿಸಿದಾಗ 0.012345679 ಎಂಬ ಸರಣಿ ಕೊನೆಯಿಲ್ಲದೆ ಮರುಕಳಿಸುವುದೇ ಇದರ ಕಾರಣ. ಕ್ರಮವಿರುವ ಸಂಖ್ಯೆ ಉದ್ದವಾದಷ್ಟೂ ಕಿರಿದಾಗಿ ಹೇಳುವುದರ ಲಾಭ ಹೆಚ್ಚುತ್ತದೆ. ಒಂದು ಸಂಖ್ಯೆಯನ್ನು ಹುಟ್ಟಿಸುವ ಅತಿ ಕಿರಿದಾದ ಪ್ರೋಗ್ರಾಮಿನ ಉದ್ದವೇ ಆ ಸಂಖ್ಯೆಯ ಜಟಿಲತೆಯ ಅಳತೆ ಎಂಬ ಸಿದ್ಧಾಂತವನ್ನು 1960ರ ದಶಕದಲ್ಲಿ ಅಮೆರಿಕದ ರೇ ಸೊಲೊಮನಾಫ್, ಸೋವಿಯತ್ ರಷ್ಯಾದ ಆಂದ್ರೆ ಕೊಲ್ಮೊಗೊರೊವ್ ಮತ್ತು ಆಗಿನ್ನೂ ತರುಣನಾಗಿದ್ದ ಗ್ರೆಗರಿ ಚೈಟಿನ್ ಒಬ್ಬರನ್ನೊಬ್ಬರು ಆಶ್ರಯಿಸದೆ ಮುಂದಿಟ್ಟರು. ಇದರ ಪ್ರಕಾರ ಬಹುಪಾಲು ಸಂಖ್ಯೆಗಳಿಗೆ ಇಂಥ ದಾರವೇ ಇಲ್ಲ. ಕೀಲಿಮಣೆಯ 95 ಚಿಹ್ನೆಗಳಿಂದ ಬರೆಯಬಹುದಾದ 10 ಅಕ್ಷರಗಳ ಕೋಡ್‌ಗಳ ಒಟ್ಟು ಎಣಿಕೆ 20 ಅಂಕಿಗಳ ಒಂದು ಸಂಖ್ಯೆ. 98 ಅಂಕಿಗಳಿರುವ ಸಂಖ್ಯೆಗಳ ಎಣಿಕೆಯೋ 98 ಅಂಕಿಗಳಷ್ಟೇ ದೊಡ್ಡದು. ಆದ್ದರಿಂದ 10 ಅಕ್ಷರಗಳಲ್ಲಿ ಅಡಗುವ ಸಂಖ್ಯೆ ತೀರ ಅಪರೂಪದ್ದು, ಮಹಾವೀರಾಚಾರ್ಯನು ಆಭರಣವೆಂದದ್ದು ಈ ಅರ್ಥದಲ್ಲಿಯೂ ತಕ್ಕುದಾಗಿದೆ.

ವಿದ್ಯಾರ್ಥಿ: ಅಂಥ ಅಳತೆ ಇದೆಯೆಂದಾದರೆ, ಕೊಟ್ಟ ಕೋಡ್ ಅತಿ ಕಿರಿದಾದದ್ದೇ ಅಲ್ಲವೇ ಎಂದು ತೀರ್ಪು ಕೊಡುವ ಪ್ರೋಗ್ರಾಮ್ ಒಂದನ್ನು ಬರೆದುಬಿಟ್ಟರೆ ಸ್ಪರ್ಧೆಗಳ ವಾದವೆಲ್ಲ ಮುಗಿದುಹೋಗುತ್ತದೆ.

ಅಧ್ಯಾಪಕಿ: ಎಲ್ಲ ಸಂಖ್ಯೆಗಳಿಗೂ ಸಲ್ಲುವಂಥ ತೀರ್ಪಿನ ಪ್ರೋಗ್ರಾಮ್ ಇರಲಾರದು ಎಂಬುದನ್ನು ಸಾಧಿಸಿ ತೋರಿಸಬಹುದು. ಅದು ಇದೆಯೆಂದೇ ಒಪ್ಪಿ, ಅದರ ಉದ್ದ ಹತ್ತು ಸಾವಿರ ಅಕ್ಷರಗಳೆಂದು ಇಟ್ಟುಕೊಳ್ಳೋಣ. ಅದನ್ನು ಒಳಗಿಟ್ಟುಕೊಂಡು, 1, 2, 3 ಎಂದು ಸಾಲಾಗಿ ಪರೀಕ್ಷಿಸುತ್ತ, ಒಂದು ಲಕ್ಷ ಅಕ್ಷರಗಳಿಗಿಂತ ಕಡಿಮೆಯಲ್ಲಿ ಹುಟ್ಟಿಸಲಾಗದ ಮೊದಲ ಸಂಖ್ಯೆ ಸಿಕ್ಕೊಡನೆ ಅದನ್ನು ಅಚ್ಚುಹಾಕಿ ನಿಲ್ಲುವ ಇನ್ನೊಂದು ಪ್ರೋಗ್ರಾಮನ್ನು ಕೆಲವೇ ಸಾಲು ಸೇರಿಸಿ ಬರೆಯಬಹುದು. ಒಂದು ಲಕ್ಷಕ್ಕಿಂತ ಕಡಿಮೆ ಅಕ್ಷರಗಳಲ್ಲಿ ಹುಟ್ಟಿಸಲಾಗದೆಂದು ತೀರ್ಪಾದ ಸಂಖ್ಯೆಯನ್ನು ಹನ್ನೊಂದು ಸಾವಿರವನ್ನೂ ಮುಟ್ಟದ ಈ ಪ್ರೋಗ್ರಾಮ್ ಹುಟ್ಟಿಸಿದಂತಾಗಿ, ಮೊದಲಿನ ಊಹೆ ತನ್ನನ್ನು ತಾನೇ ಸುಳ್ಳಾಗಿಸಿಕೊಳ್ಳುತ್ತದೆ. ಚಿಕ್ಕಪುಟ್ಟ ಪ್ರಸಂಗಗಳಲ್ಲಿ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ ನಿರ್ಣಯಿಸಬಹುದಾದರೂ, ಇದಕ್ಕಿಂತ ಕಿರಿದು ಇಲ್ಲ ಎಂಬ ಮಾತನ್ನು ಎಲ್ಲೆಡೆಗೂ ಹೇಳಬಲ್ಲ ಯಂತ್ರವಿಲ್ಲ. ಆದ್ದರಿಂದ ಕಿರಿದಾಗಿಸುವವರ ಕೈಯಲ್ಲಿ ಉಳಿಯುವುದು ಪ್ರಯತ್ನ ಮತ್ತು ಕಾರಣ, ಇವೆರಡೇ.

ವಿದ್ಯಾರ್ಥಿ: ಆ ಕಾರಣದ ಮಾತಿಗೇ ಒಂದು ಆಕ್ಷೇಪವಿದೆ. ಮೂರಂಕಿಯ ಎರಡು ಸಂಖ್ಯೆಗಳನ್ನು ಗುಣಿಸಿ ಪಡೆಯಬಹುದಾದ, ಎಡದಿಂದಲೂ ಬಲದಿಂದಲೂ ಒಂದೇ ಆಗಿರುವ ಅತಿ ದೊಡ್ಡ ಹಾರಸಂಖ್ಯೆ ಯಾವುದು ಎಂಬ ಒಗಟಿಗೆ 913 ಮತ್ತು 993ರ ಗುಣಲಬ್ಧವಾದ 906609 ಉತ್ತರ. ಆರಂಕಿಯ ಹಾರಸಂಖ್ಯೆ ಯಾವುದೇ ಇರಲಿ, ಅದು 100001, 10010, 1100 ಎಂಬ ಮೂರು ಸಂಖ್ಯೆಗಳ ಅಪವರ್ತ್ಯಗಳ ಮೊತ್ತ. ಮೂರೂ 11ರಿಂದ ಭಾಗವಾಗುವುದರಿಂದಲೂ 11 ಅವಿಭಾಜ್ಯವಾಗಿರುವುದರಿಂದಲೂ, ಎರಡು ಅಪವರ್ತನಗಳಲ್ಲಿ ಒಂದಾದರೂ 11ರ ಅಪವರ್ತ್ಯ ಆಗಲೇಬೇಕು. ಮೂರಂಕಿಯಲ್ಲಿ ಅಂಥವು 81 ಮಾತ್ರ ಇರುವುದರಿಂದ, 900ನ್ನು 900ರಿಂದ ಗುಣಿಸಿದ 8,10,000 ಜೋಡಿಗಳ ಬದಲು 72,900 ಜೋಡಿಗಳನ್ನು ನೋಡಿದರೆ ಸಾಕು. ಆದರೆ ಈ ತಿಳಿವಳಿಕೆಯನ್ನು ಸೇರಿಸಿದರೆ ಕೋಡ್ ಉದ್ದವಾಗುತ್ತದೆ. 8,10,000 ಜೋಡಿಗಳನ್ನೂ ಕಣ್ಣುಮುಚ್ಚಿ ಪರೀಕ್ಷಿಸುವ ಕೋಡೇ ಕಿರಿದು. ಇಲ್ಲಿ ಗೆದ್ದದ್ದು ಗಣಿತವೋ, ಯಂತ್ರದ ರಟ್ಟೆಬಲವೋ?

ಅಧ್ಯಾಪಕಿ: ಆಕ್ಷೇಪ ಸರಿಯಾದದ್ದು, ಅದನ್ನು ಒಪ್ಪದೆ ಮುಂದೆ ಹೋಗುವಂತಿಲ್ಲ. ಕಿರಿತನಕ್ಕೆ ಮೂರು ಮೂಲಗಳಿವೆ ಎಂದಾಯಿತು: ಒಂದು, ಆವರಣ ತೆಗೆಯುವಂಥ ಬರವಣಿಗೆಯ ಉಪಾಯ; ಎರಡು, ಯೋಚನೆಯ ಹೊರೆಯನ್ನು ಯಂತ್ರದ ದುಡಿಮೆಗೆ ಹೊರಿಸುವುದು; ಮೂರು, ಸಂಖ್ಯೆಗಳ ಗುಣವನ್ನು ಕಂಡು ದುಡಿಮೆಯನ್ನೇ ಇಲ್ಲವಾಗಿಸುವುದು. ಅಕ್ಷರಗಳ ಎಣಿಕೆ ಈ ಮೂರನ್ನೂ ಒಂದೇ ಅಂಕದಲ್ಲಿ ಮುಚ್ಚಿಬಿಡುತ್ತದೆ. ಮೂರನೆಯದರ ಬೆಲೆ ತಿಳಿಯಲು ನೆರೆಯ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ.ರಾ. ಕಾಪ್ರೇಕರ್ 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ತಿಳಿಸಿದ ಸಂಗತಿಯನ್ನು ನೋಡಬೇಕು. ಎಲ್ಲ ಅಂಕಿಗಳೂ ಒಂದೇ ಆಗಿರದ ನಾಲ್ಕಂಕಿಯ ಯಾವುದೇ ಸಂಖ್ಯೆಯ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿಯೂ ಏರಿಕೆಯ ಕ್ರಮದಲ್ಲಿಯೂ ಜೋಡಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತ ಹೋದರೆ, ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174 ಬರುತ್ತದೆ.

ವಿದ್ಯಾರ್ಥಿ: 1947ರಿಂದಲೇ ಹೊರಡಬಹುದು. 9741ರಿಂದ 1479 ಕಳೆದರೆ 8262. 8622ರಿಂದ 2268 ಕಳೆದರೆ 6354. 6543ರಿಂದ 3456 ಕಳೆದರೆ 3087. 8730ರಿಂದ 0378 ಕಳೆದರೆ 8352. 8532ರಿಂದ 2358 ಕಳೆದರೆ 6174. ಐದನೆಯ ಹೆಜ್ಜೆಗೆ ಮುಟ್ಟಿತು. ಎಲ್ಲ ಸಂಖ್ಯೆಗಳೂ ಹೀಗೆಯೇ ಮುಟ್ಟುತ್ತವೆಂದು ತೋರಿಸಲು, ಒಂದೇ ಅಂಕಿಯ ಹತ್ತನ್ನು ಬಿಟ್ಟು, ಮೊದಲಲ್ಲಿ ಸೊನ್ನೆ ಇರುವವೂ ಸೇರಿ 9990 ಸಂಖ್ಯೆಗಳನ್ನು ಕೋಡ್ ಪರೀಕ್ಷಿಸಬೇಕಾಗುತ್ತದೆ.

ಅಧ್ಯಾಪಕಿ: ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಅ, ಬ, ಕ, ಡ ಎಂದು ಕರೆದು ಕಳೆಯುವ ಲೆಕ್ಕವನ್ನು ಬಿಡಿಸಿ ಬರೆದರೆ, ಉತ್ತರವು 999*(ಅ-ಡ)+90*(ಬ-ಕ) ಆಗುತ್ತದೆ. 6174ರಲ್ಲಿ ಅಂಕಿಗಳು 7, 6, 4, 1. ಆದ್ದರಿಂದ 999ರ ಆರರಷ್ಟು 5994, 90ರ ಎರಡರಷ್ಟು 180, ಕೂಡಿದರೆ 6174ಕ್ಕೇ ಮರಳುತ್ತದೆ. ನಾಲ್ಕು ಅಂಕಿಗಳು ಯಾವುವೆಂಬುದು ಮುಖ್ಯವಲ್ಲ, ಎರಡು ಅಂತರಗಳು ಮಾತ್ರ ಮುಖ್ಯ. ಹೊರಗಿನ ಅಂತರ 1ರಿಂದ 9ರವರೆಗೆ ಇರಬಹುದು, ಒಳಗಿನದು ಅದನ್ನು ಮೀರುವಂತಿಲ್ಲ; ಹೀಗೆ ಎಣಿಸಿದರೆ 54 ಜೋಡಿಗಳಷ್ಟೇ ಉಳಿಯುತ್ತವೆ. 9990 ಪರೀಕ್ಷೆಗಳು 54ಕ್ಕೆ ಇಳಿದಾಗ ಯಂತ್ರವೇ ಬೇಕಿಲ್ಲ, ಒಂದು ಹಾಳೆ ಸಾಕು. ಒಗಟನ್ನು ಕಿರಿದಾಗಿಸುವುದೆಂದರೆ ಇದು.

ವಿದ್ಯಾರ್ಥಿ: ಹಾಗಾದರೆ ಅಕ್ಷರ ಉಳಿಸುವ ಅಭ್ಯಾಸವನ್ನೇ ಬಿಟ್ಟು ನೇರವಾಗಿ ಗಣಿತಕ್ಕೆ ಹೋಗಬಾರದೇಕೆ? ಆರು ಅಕ್ಷರದ ಕೋಡನ್ನು ಬರೆದವರೇ ಕೆಲವು ತಿಂಗಳ ಬಳಿಕ ಓದಿ ತಿಳಿಯಲಾರರು. ಕಚೇರಿಯ ಕೆಲಸದಲ್ಲಿ ಅಂಥ ಕೋಡಿಗೆ ಯಾರೂ ಒಪ್ಪುವುದಿಲ್ಲ.

ಅಧ್ಯಾಪಕಿ: ಕಚೇರಿಯ ಕೋಡ್ ಹಲವರು ಓದಿ ತಿದ್ದಬೇಕಾದದ್ದರಿಂದ ಅದಕ್ಕೆ ಈ ಕಟ್ಟಳೆ ಹೊಂದುವುದಿಲ್ಲ, ಹೊಂದಿಸಲೂಬಾರದು. ಆದರೆ ಕಲಿಕೆಯಲ್ಲಿ ಕಿರಿತನದ ಒತ್ತಾಯಕ್ಕೆ ಒಂದು ಕೆಲಸವಿದೆ: ಈ ಸಾಲು ಬೇಕೇ, ಈ ಷರತ್ತು ಬೇಕೇ ಎಂದು ಪ್ರತಿ ಚಿಹ್ನೆಯನ್ನೂ ಪ್ರಶ್ನಿಸುವಂತೆ ಅದು ಮಾಡುತ್ತದೆ, ಆ ಪ್ರಶ್ನೆಗೆ ಉತ್ತರ ಹಲವು ಸಲ ಗಣಿತದಲ್ಲಿಯೇ ಸಿಗುತ್ತದೆ. ಕಿರಿದಾದ ಬರವಣಿಗೆ ಯೋಚನೆಗೆ ಉಪಕರಣವಾಗಬಲ್ಲದು ಎಂಬುದನ್ನು 1979ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಕೆನೆತ್ ಐವರ್ಸನ್ ವಾದಿಸಿದರು. ಅವರು ರೂಪಿಸಿದ ಎಪಿಎಲ್ ಭಾಷೆಯಲ್ಲಿ 1ರಿಂದ 100ರವರೆಗಿನ ಮೊತ್ತವನ್ನು ಮೂರು ಚಿಹ್ನೆ ಮತ್ತು ಮೂರು ಅಂಕಿಗಳಲ್ಲಿ ಬರೆಯಬಹುದು, ಓದಲು ಬಲ್ಲವರಿಗೆ ಅದರಲ್ಲಿ ಮರೆಯಾದದ್ದು ಏನೂ ಇಲ್ಲ.

ವಿದ್ಯಾರ್ಥಿ: ಓದಲು ಬಲ್ಲವರಿಗೆ ಎಂಬ ಮಾತಿನಲ್ಲಿಯೇ ತೊಡಕು ಉಳಿಯಿತಲ್ಲವೇ?

ಅಧ್ಯಾಪಕಿ: ಆ ತೊಡಕಿಗೆ ಕನ್ನಡದ ಶಾಸ್ತ್ರಕಾರರು ಪರಿಹಾರ ಕಂಡಿದ್ದರು. ನೃಪತುಂಗನ ಆಸ್ಥಾನದಲ್ಲಿಯೇ ಹುಟ್ಟಿದ ಕವಿರಾಜಮಾರ್ಗವು, ತನ್ನ ಮನದ ಮಾತನ್ನು ಇತರರಿಗೆ ತಿಳಿಯುವಂತೆ ಹೇಳಬಲ್ಲವನಿಗಿಂತ ಕಿರಿದರಲ್ಲಿ ಹಿರಿದಾದ ಅರ್ಥವನ್ನು ತಿಳಿಸಬಲ್ಲವನನ್ನು ಹೆಚ್ಚಿನವನೆಂದು ಎಣಿಸುತ್ತದೆ. ಅಲ್ಲಿ ಕಿರಿದಾಗಿರುವುದರ ಜೊತೆಗೆ ತಿಳಿಸುವುದೂ ಸೇರಿದೆ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ವ್ಯವಹಾರಗಣಿತವನ್ನು ರಚಿಸುವಾಗ ಸೂತ್ರಗಳನ್ನು ಪದ್ಯದಲ್ಲಿ ಅಡಕವಾಗಿ ಹೇಳಿ, ಅವುಗಳಿಗೆ ಟೀಕೆಯನ್ನೂ ಉದಾಹರಣೆಗಳನ್ನೂ ಕೊಟ್ಟನು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವ್ಯಾಕರಣದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಹಿಡಿದಿಟ್ಟು, ಸೂತ್ರದ ಅರ್ಥವನ್ನು ಬಿಡಿಸುವ ವೃತ್ತಿಯನ್ನೂ, ಬಳಕೆಯನ್ನು ತೋರಿಸುವ ಪ್ರಯೋಗಗಳನ್ನೂ ತಾನೇ ಬರೆದನು. ಸೂತ್ರ ನೆನಪಿಗೆ, ವೃತ್ತಿ ತಿಳಿವಿಗೆ ಎಂಬ ಈ ಜೋಡಿಯನ್ನು ಒಡೆದರೆ ಎರಡೂ ಬಡವಾಗುತ್ತವೆ.

ವಿದ್ಯಾರ್ಥಿ: ಅಂದರೆ ನ%-9+9 ಎಂಬುದು ಸೂತ್ರ, 10ರ ಘಾತಗಳಿಗೆಲ್ಲ 9ರ ಶೇಷ 1 ಎಂಬುದು, ಪೈಥಾನಿನಲ್ಲಿ ಶೇಷವು ಭಾಜಕದ ಚಿಹ್ನೆಯನ್ನು ಅನುಸರಿಸುತ್ತದೆ ಎಂಬುದು, ಸೊನ್ನೆಗೆ ಇದು ಸಲ್ಲದು ಎಂಬುದು ವೃತ್ತಿ, 1947ಕ್ಕೆ 3, 18ಕ್ಕೆ 9 ಎಂಬುದು ಪ್ರಯೋಗ.

ಅಧ್ಯಾಪಕಿ: ವಿದ್ಯಾನಗರದ ಕಂಪ್ಯೂಟರ್ ಲ್ಯಾಬ್‌ಗಳಲ್ಲಿಯೂ ನಾಡಿನ ಇತರ ಕಾಲೇಜುಗಳಲ್ಲಿಯೂ ಈ ಅಭ್ಯಾಸವನ್ನು ಪಾಠದ ಭಾಗವಾಗಿಸುವ ಅಧ್ಯಾಪಕರು ಇದೇ ಕ್ರಮವನ್ನು ಕಡ್ಡಾಯ ಮಾಡಬೇಕು. ಪ್ರತಿ ಕಿರಿದಾದ ಕೋಡಿನ ಕೆಳಗೆ, ಉದ್ದನೆಯ ಕೋಡಿನಲ್ಲಿದ್ದ ಯಾವ ಕೆಲಸ ಇಲ್ಲವಾಯಿತು, ಅದನ್ನು ಇಲ್ಲವಾಗಿಸಿದ್ದು ಸಂಖ್ಯೆಗಳ ಯಾವ ಗುಣ, ಆ ಗುಣ ಯಾವ ಮಿತಿಯೊಳಗೆ ಮತ್ತು ಯಾವ ಭಾಷೆಯ ನಿಯಮದಡಿ ನಿಜ ಎಂಬ ಮೂರು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆಸಬೇಕು. ಅಂಕ ಕೊಡುವಾಗ ಕೋಡಿನಷ್ಟೇ ತೂಕ ಆ ಉತ್ತರಗಳಿಗೂ ಇರಬೇಕು. ವೃತ್ತಿ ಬರೆಯಲು ಬಾರದವರ ಕೋಡ್ ಎಷ್ಟೇ ಕಿರಿದಾಗಿದ್ದರೂ, ಅವರು ಒಗಟಿಗೆ ಉತ್ತರ ಪಡೆದಿದ್ದಾರೆಯೇ ಹೊರತು ಒಗಟನ್ನು ಇನ್ನೂ ಬಿಡಿಸಿಲ್ಲ.